ಅಳೆದು, ಬರೆದು, ಕೇಳಿ ಕಲಿಯುವ ಐದು ಪ್ರಾಜೆಕ್ಟ್‌ಗಳು

ಹಿರಿಯ ಪ್ರಾಥಮಿಕ ಶಾಲೆಯ 6, 7 ಮತ್ತು 8ನೇ ತರಗತಿಯ ಮಕ್ಕಳಿಗೆ ಕೊಡುವ ಪ್ರಾಜೆಕ್ಟ್ ಹೆಚ್ಚಿನ ಕಡೆ ಒಂದು ಚಾರ್ಟ್‌ನಲ್ಲಿ ಮುಗಿಯುತ್ತದೆ, ಇಲ್ಲವೇ ಅಂಗಡಿಯಿಂದ ತಂದು ಅಂಟಿಸಿದ ಥರ್ಮಾಕೋಲ್ ಮಾದರಿಯಲ್ಲಿ ಮುಗಿಯುತ್ತದೆ. ಅದನ್ನು ಮಾಡಿದವರು ಬಹುಪಾಲು ಅಪ್ಪ ಅಮ್ಮಂದಿರು. ಮಗುವಿಗೆ ಅದರಿಂದ ಹೊಸದಾಗಿ ತಿಳಿದದ್ದು ಕಡಿಮೆ. ಆದರೆ ಇದೇ ವಯಸ್ಸಿನ, 11ರಿಂದ 14 ವರ್ಷದ ಮಕ್ಕಳು ಅಳತೆಪಟ್ಟಿ, ಕೋನಮಾಪಕ ಹಿಡಿದು ನಿಖರವಾಗಿ ಅಳೆಯಬಲ್ಲರು. ಊರಿನ ಹಿರಿಯರ ಮುಂದೆ ಕೂತು ಪ್ರಶ್ನೆ ಕೇಳಬಲ್ಲರು, ಎರಡು ಅಳತೆ ತಾಳೆಯಾಗದಿದ್ದರೆ ಏಕೆಂದು ಯೋಚಿಸಬಲ್ಲರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಅವಧಿಯಲ್ಲಿ ಹತ್ತು ದಿನ ಪಾಟಿಚೀಲವಿಲ್ಲದೆ, ಕೈಕೆಲಸ ಬಲ್ಲ ಸ್ಥಳೀಯರ ಜೊತೆ ಮಕ್ಕಳು ಕಲಿಯಬೇಕೆಂದು ಹೇಳುತ್ತದೆ. ಆ ದಿನಗಳನ್ನೂ ವಾರದ ಒಂದೆರಡು ಪೀರಿಯಡ್‌ಗಳನ್ನೂ ತುಂಬಬಲ್ಲ ಐದು ಪ್ರಾಜೆಕ್ಟ್‌ಗಳನ್ನು ಇಲ್ಲಿ ವಿವರಿಸಿದೆ.

ಪ್ರಾಜೆಕ್ಟ್ ಆರಿಸುವಾಗ

ಒಳ್ಳೆಯ ಪ್ರಾಜೆಕ್ಟ್ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ. ಆ ಪ್ರಶ್ನೆಯ ಉತ್ತರ ಪಠ್ಯಪುಸ್ತಕದಲ್ಲಿ ಸಿಗುವಂತಿರಬಾರದು, ಮಗು ತಾನೇ ಅಳೆದರೆ ಅಥವಾ ವಿಚಾರಿಸಿದರೆ ಮಾತ್ರ ಸಿಗುವಂತಿರಬೇಕು. ‘ಜಲಚಕ್ರದ ಮಾದರಿ ಮಾಡಿ’ ಎಂಬುದು ಪ್ರಶ್ನೆಯಲ್ಲ. ‘ನಮ್ಮ ಶಾಲೆಯ ಛಾವಣಿಯ ಮೇಲೆ ಈ ಮಳೆಗಾಲದಲ್ಲಿ ಎಷ್ಟು ಲೀಟರ್ ನೀರು ಬಿತ್ತು?’ ಎಂಬುದು ಪ್ರಶ್ನೆ.

ಇದರ ಜೊತೆ ಮೂರು ವಿಷಯ ನೋಡಿಕೊಳ್ಳಬೇಕು. ಸಾಮಾನು ಮನೆಯಲ್ಲೋ ಶಾಲೆಯಲ್ಲೋ ಇರುವಂಥದ್ದಾಗಿರಬೇಕು, ದುಡ್ಡಿನ ಕಾರಣಕ್ಕೆ ಯಾವ ಮಗುವೂ ಹೊರಗುಳಿಯಬಾರದು. ಕೆಲಸ ಒಂದೇ ದಿನದಲ್ಲಿ ಮುಗಿಯದೆ ಕೆಲವು ವಾರ ನಡೆಯಬೇಕು. ಮತ್ತೆ ಮತ್ತೆ ಅಳೆದಾಗಲೇ ಬದಲಾವಣೆ ಕಾಣುವುದು. ಒಂದಕ್ಕಿಂತ ಹೆಚ್ಚು ವಿಷಯಗಳು ಅದರಲ್ಲಿ ಸೇರಿದರೆ ಇನ್ನೂ ಒಳ್ಳೆಯದು. ಆಗ ವಿಜ್ಞಾನದ ಶಿಕ್ಷಕರ ಜೊತೆ ಗಣಿತದವರೂ ಸಮಾಜ ವಿಜ್ಞಾನದವರೂ ಕೈಜೋಡಿಸಬಹುದು.

ಒಂದು: ನೆರಳಿನ ಕೋಲು

ಪ್ರಶ್ನೆ: ನಮ್ಮ ಊರಿನಲ್ಲಿ ನಡುಮಧ್ಯಾಹ್ನ ಯಾವಾಗ? ನಮ್ಮ ಊರು ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ಉತ್ತರಕ್ಕಿದೆ?

ಬೇಕಾದದ್ದು ಒಂದು ಮೀಟರ್ ಉದ್ದದ ನೇರ ಕೋಲು, ತೂಗುಗುಂಡು, ದಾರ, ಅಳತೆ ಟೇಪು, ಸುಣ್ಣದ ಪುಡಿ ಮತ್ತು ಸರಿಯಾದ ಸಮಯ ತೋರಿಸುವ ಗಡಿಯಾರ. ದಿನವಿಡೀ ಬಿಸಿಲು ಬೀಳುವ ಸಮತಟ್ಟಾದ ಜಾಗದಲ್ಲಿ ಕೋಲನ್ನು ನೆಟ್ಟು, ಅದು ಯಾವ ಕಡೆಗೂ ವಾಲದಂತೆ ತೂಗುಗುಂಡಿನಿಂದ ಸರಿನೋಡಬೇಕು. ಒಂದು ಮೀಟರ್ ಎಂದರೆ ನೆಲದಿಂದ ಮೇಲಿರುವ ಭಾಗದ ಉದ್ದ. ಬೆಳಿಗ್ಗೆ 11.30ರಿಂದ ಮಧ್ಯಾಹ್ನ 1.30ರವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ, ಉದ್ದವನ್ನೂ ಸಮಯವನ್ನೂ ಬರೆದಿಡಬೇಕು. ನೆರಳು ಅತಿ ಗಿಡ್ಡವಾದ ಕ್ಷಣವೇ ಆ ಊರಿನ ನಡುಮಧ್ಯಾಹ್ನ.

ಅದು ಗಡಿಯಾರದ 12 ಗಂಟೆಗೆ ಬರುವುದಿಲ್ಲ ಎಂಬುದು ಮಕ್ಕಳಿಗೆ ಸಿಗುವ ಮೊದಲ ಅಚ್ಚರಿ. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ ತೋರಿಸುತ್ತವೆ. ಬೆಂಗಳೂರು ಇರುವುದು 77.6 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾದ್ದರಿಂದ ಅಲ್ಲಿ ನಡುಮಧ್ಯಾಹ್ನ ಸುಮಾರು 20 ನಿಮಿಷ ತಡ. ಇನ್ನೂ ಪಶ್ಚಿಮಕ್ಕಿರುವ ಮಂಗಳೂರಿನಲ್ಲಿ ಸುಮಾರು ಅರ್ಧ ಗಂಟೆ ತಡ. ಇದರ ಮೇಲೆ ಋತುವಿಗೆ ತಕ್ಕಂತೆ ಕಾಲು ಗಂಟೆಯಷ್ಟು ಹಿಂದುಮುಂದಾಗುವುದೂ ಉಂಟು. ವರ್ಷದಲ್ಲಿ ತಿಂಗಳಿಗೊಂದು ದಿನ ಅಳೆದ ತರಗತಿಗೆ ಈ ಏರಿಳಿತ ತಾನಾಗಿಯೇ ಕಾಣುತ್ತದೆ.

ಅಕ್ಷಾಂಶ ತಿಳಿಯಲು ಮಾರ್ಚ್ 21 ಅಥವಾ ಸೆಪ್ಟೆಂಬರ್ 23ರ ಆಸುಪಾಸು ಸೂಕ್ತ. ಆಗ ಸೂರ್ಯ ಭೂಮಧ್ಯರೇಖೆಯ ನೇರಕ್ಕಿರುತ್ತಾನೆ. ಅಂದಿನ ಅತಿ ಗಿಡ್ಡ ನೆರಳು ಬೆಂಗಳೂರಿನಲ್ಲಿ ಸುಮಾರು 23 ಸೆಂ.ಮೀ., ಬೆಳಗಾವಿಯಲ್ಲಿ 28 ಸೆಂ.ಮೀ., ಬೀದರಿನಲ್ಲಿ 32 ಸೆಂ.ಮೀ. ಇರುತ್ತದೆ. ತ್ರಿಕೋನಮಿತಿ ಗೊತ್ತಿಲ್ಲದ ಮಕ್ಕಳೂ ಇದರಿಂದ ಕೋನ ಕಂಡುಹಿಡಿಯಬಹುದು. ದೊಡ್ಡ ರಟ್ಟಿನ ಮೇಲೆ 50 ಸೆಂ.ಮೀ. ಎತ್ತರದ ಲಂಬಗೆರೆ ಎಳೆದು, ಅದರ ಬುಡದಿಂದ ಅಡ್ಡಕ್ಕೆ ನೆರಳಿನ ಅರ್ಧದಷ್ಟು ಗೆರೆ ಎಳೆದು, ಎರಡರ ತುದಿಗಳನ್ನು ಸೇರಿಸಿದರೆ ಲಂಬಕೋನ ತ್ರಿಭುಜವಾಗುತ್ತದೆ. ಅದರ ಮೇಲ್ತುದಿಯ ಕೋನವನ್ನು ಕೋನಮಾಪಕದಿಂದ ಅಳೆದರೆ ಅದೇ ಊರಿನ ಅಕ್ಷಾಂಶ. ಬೆಂಗಳೂರಿನ ಮಕ್ಕಳಿಗೆ 13 ಡಿಗ್ರಿ ಸಿಗಬೇಕು.

ಎರಡು ಶಾಲೆಗಳು ಜೊತೆಯಾದರೆ ಇದೇ ಕೋಲಿನಿಂದ ಭೂಮಿಯ ಸುತ್ತಳತೆಯನ್ನೂ ಲೆಕ್ಕ ಹಾಕಬಹುದು. ಕ್ರಿ.ಪೂ. 3ನೇ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನ ಅಲೆಕ್ಸಾಂಡ್ರಿಯ ಮತ್ತು ಸಿಯೀನ್ (ಇಂದಿನ ಆಸ್ವಾನ್) ಊರುಗಳ ನಡುವೆ ಮಾಡಿದ್ದು ಇದನ್ನೇ. ಕರ್ನಾಟಕಕ್ಕೆ ಮೈಸೂರು ಮತ್ತು ಬೀದರ್ ಒಳ್ಳೆಯ ಜೋಡಿ. ಒಂದೇ ದಿನ ಎರಡೂ ಕಡೆ ತಮ್ಮ ತಮ್ಮ ನಡುಮಧ್ಯಾಹ್ನದ ನೆರಳನ್ನು ಅಳೆದು ಫೋನಿನಲ್ಲಿ ಹಂಚಿಕೊಂಡರೆ ಸಾಕು. ಎರಡು ಕೋನಗಳ ವ್ಯತ್ಯಾಸ ಸುಮಾರು 5.6 ಡಿಗ್ರಿ ಬರಬೇಕು. ನಕ್ಷೆಯಲ್ಲಿ ಅಳೆದರೆ ಇವುಗಳ ಉತ್ತರ–ದಕ್ಷಿಣ ಅಂತರ ಸುಮಾರು 620 ಕಿ.ಮೀ. ಇಲ್ಲಿ ರಸ್ತೆಯ ದೂರ ಲೆಕ್ಕಕ್ಕಿಲ್ಲ. 620ನ್ನು 5.6ರಿಂದ ಭಾಗಿಸಿ 360ರಿಂದ ಗುಣಿಸಿದರೆ 40,000 ಕಿ.ಮೀ.ಗೆ ಬಹಳ ಹತ್ತಿರದ ಸಂಖ್ಯೆ ಸಿಗುತ್ತದೆ. ಕೋನದಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಉತ್ತರ ಮೂರು ನಾಲ್ಕು ಸಾವಿರ ಕಿ.ಮೀ. ಆಚೀಚೆ ಹೋಗುತ್ತದೆ. ಆ ತಪ್ಪು ಕೋಲು ವಾಲಿದ್ದರಿಂದ ಬಂತೇ, ನೆರಳಿನ ಮಸುಕಾದ ಅಂಚಿನಿಂದ ಬಂತೇ, ಕೋನ ಓದಿದ್ದರಲ್ಲಿ ಬಂತೇ ಎಂದು ಮಕ್ಕಳು ಹುಡುಕಬೇಕು. ಈ ಹುಡುಕಾಟ ಸರಿಯುತ್ತರದಷ್ಟೇ ಮುಖ್ಯ.

ದಿಕ್ಕು ಕಂಡುಹಿಡಿಯುವ ಕೆಲಸವನ್ನೂ ಇದಕ್ಕೆ ಸೇರಿಸಬಹುದು. ಕೋಲಿನ ಬುಡವನ್ನು ಕೇಂದ್ರವಾಗಿಟ್ಟು, ಕೋಲಿನಷ್ಟೇ ಉದ್ದದ ದಾರದಿಂದ ವೃತ್ತ ಎಳೆಯಬೇಕು. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಕ್ಕೆ ಬರುವ ಬಿಂದುವನ್ನೂ ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಬಿಂದುವನ್ನೂ ಸೇರಿಸಿದ ಗೆರೆ ಪೂರ್ವ–ಪಶ್ಚಿಮ. ಯಜ್ಞವೇದಿಗಳ ದಿಕ್ಕು ಗುರುತಿಸಲು ಕಾತ್ಯಾಯನ ಶುಲ್ಬಸೂತ್ರ ಹೇಳುವ ವಿಧಾನ ಇದು. ನೆರಳು ವೃತ್ತವನ್ನು ಮುಟ್ಟುವ ಆ ಕ್ಷಣದಲ್ಲಿ ಪ್ರತಿ ವಸ್ತುವಿನ ನೆರಳೂ ಅದರ ಎತ್ತರದಷ್ಟೇ ಇರುತ್ತದೆ. ಆದ್ದರಿಂದ ಆಗಲೇ ಓಡಿಹೋಗಿ ಶಾಲೆಯ ಧ್ವಜಸ್ತಂಭದ, ತೆಂಗಿನ ಮರದ ನೆರಳನ್ನು ಅಳೆದರೆ ಹತ್ತದೆಯೇ ಅವುಗಳ ಎತ್ತರ ತಿಳಿಯುತ್ತದೆ.

ಇಡೀ ಕರ್ನಾಟಕ ಭೂಮಧ್ಯರೇಖೆಗೂ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ನಡುವೆ ಇರುವುದರಿಂದ ಪ್ರತಿ ಊರಿಗೂ ವರ್ಷದಲ್ಲಿ ಎರಡು ಬಾರಿ ಶೂನ್ಯ ನೆರಳಿನ ದಿನ ಬರುತ್ತದೆ. ಬೆಂಗಳೂರಿಗೆ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಬೀದರಿಗೆ ಮೊದಲನೆಯದು ಮೇ ಎರಡನೇ ವಾರದಲ್ಲಿ. ಈ ಎರಡು ದಿನಗಳ ನಡುವೆ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ಕಾಲವೆಲ್ಲ ಉತ್ತರಕ್ಕೆ. ಮಕ್ಕಳಿಗೆ ಒಂದು ಎಚ್ಚರಿಕೆ ಮಾತ್ರ ಕಡ್ಡಾಯ: ನೆರಳನ್ನಷ್ಟೇ ನೋಡಬೇಕು, ಸೂರ್ಯನನ್ನು ಬರಿಗಣ್ಣಿನಿಂದ ನೋಡಲೇಬಾರದು.

ಎರಡು: ಬಾಟಲಿಯ ಮಳೆಮಾಪಕ

ಪ್ರಶ್ನೆ: ನಮ್ಮ ಊರಿನಲ್ಲಿ ಯಾವ ಮಳೆ ಎಷ್ಟು ಸುರಿಯಿತು? ಅದರಲ್ಲಿ ಎಷ್ಟು ನೀರನ್ನು ಹಿಡಿದಿಡಬಹುದಿತ್ತು?

ಗೋಡೆ ನೇರವಾಗಿರುವ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಆ ತುಂಡನ್ನು ಆಲಿಕೆಯಂತೆ ತಲೆಕೆಳಗಾಗಿ ಅದರ ಮೇಲೆ ಕೂರಿಸಬೇಕು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಒಳಗೆ ಸಣ್ಣ ಕಲ್ಲು ಹಾಕಿ, ಅವು ಮುಳುಗಿ ಬಾಟಲಿಯ ನೇರಭಾಗದವರೆಗೆ ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಎಂದು ಗುರುತು ಹಾಕಬೇಕು. ಅಲ್ಲಿಂದ ಮೇಲಕ್ಕೆ ಮಿ.ಮೀ. ಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಆಲಿಕೆಯ ಬಾಯಿಯೂ ಬಾಟಲಿಯೂ ಒಂದೇ ಅಗಲ ಇರುವುದರಿಂದ ನೀರು ಏರಿದ ಎತ್ತರವೇ ಮಳೆಯ ಪ್ರಮಾಣ. ಇದನ್ನು ಮರ, ಗೋಡೆಗಳಿಂದ ದೂರ, ಬಯಲಿನಲ್ಲಿ, ಗಾಳಿಗೆ ಬೀಳದಂತೆ ಇಟ್ಟಿಗೆಗಳ ನಡುವೆ ನಿಲ್ಲಿಸಬೇಕು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಯ ಮಳೆಯನ್ನು ದಾಖಲಿಸುತ್ತದೆ. ಮಕ್ಕಳೂ ಅದೇ ಹೊತ್ತಿಗೆ ಓದಿ ಬರೆದು, ನೀರನ್ನು ಮತ್ತೆ ಸೊನ್ನೆಯ ಮಟ್ಟಕ್ಕೆ ತರಬೇಕು. 2.5 ಮಿ.ಮೀ. ಅಥವಾ ಹೆಚ್ಚು ಸುರಿದರೆ ಇಲಾಖೆಯ ಲೆಕ್ಕದಲ್ಲಿ ಅದು ಮಳೆ ದಿನ.

ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಗಣಿತದ ತರಗತಿಗೆ ಈ ಒಂದು ಸೂತ್ರ ಸಾಕು. 10 ಮೀಟರ್ ಉದ್ದ, 6 ಮೀಟರ್ ಅಗಲದ ಕೊಠಡಿಯ ಛಾವಣಿಯ ಮೇಲೆ 20 ಮಿ.ಮೀ. ಮಳೆಯಾದರೆ 1,200 ಲೀಟರ್ ನೀರು ಬಿದ್ದಿರುತ್ತದೆ. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಕೈ, ತಟ್ಟೆ ತೊಳೆಯಲು ದಿನಕ್ಕೆ ಎಷ್ಟು ಬಕೆಟ್ ಖರ್ಚಾಗುತ್ತದೆ ಎಂದು ಮಕ್ಕಳೇ ಎಣಿಸಿದರೆ, ಒಂದು ಮಳೆಯ ನೀರು ಎಷ್ಟು ದಿನಕ್ಕೆ ಬರುತ್ತಿತ್ತು ಎಂಬ ಉತ್ತರ ಅವರ ಕೈಗೇ ಸಿಗುತ್ತದೆ.

ರೈತರ ಲೆಕ್ಕವನ್ನೂ ಇದರೊಂದಿಗೆ ಜೋಡಿಸಬೇಕು. ಹಳ್ಳಿಗಳಲ್ಲಿ ಮಳೆಗೆ ಹೆಸರಿಡುವುದು ನಕ್ಷತ್ರದ ಮೇಲೆ: ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ಹೀಗೆ. ಒಂದೊಂದರ ಅವಧಿ 13–14 ದಿನ. ಆರಿದ್ರ ಮಳೆ ಹುಟ್ಟುವುದು ಜೂನ್ 22ರ ಸುಮಾರಿಗೆ. ದಿನದ ಅಳತೆಗಳನ್ನು ತಿಂಗಳಿನ ಬದಲು ಮಳೆ ನಕ್ಷತ್ರಗಳ ಪ್ರಕಾರ ಕೂಡಿಸಿ ಸ್ತಂಭನಕ್ಷೆ ಬರೆಯಬಹುದು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯನ್ನು ಹಿಡಿದು ಅಜ್ಜ ಅಜ್ಜಿಯರ ಬಳಿ ಹೋಗಿ, ಈ ಸಲ ರೋಹಿಣಿ ಎಷ್ಟು ಸುರಿಯಿತು, ಯಾರು ಯಾರು ಬಿತ್ತಿದರು, ಮೊದಲು ಏನು ಬಿತ್ತುತ್ತಿದ್ದರು, ಈಗೇಕೆ ಬದಲಾಯಿತು ಎಂದು ಕೇಳಿ ಬರೆದುಕೊಂಡರೆ, ಅಂಕಿಗಳ ಪಕ್ಕದಲ್ಲಿ ಊರಿನ ಬೇಸಾಯದ ಕಥೆಯೂ ನಿಲ್ಲುತ್ತದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನಿಟ್ಟಿದೆ. ಅದರ ಅಂಕಿಯೊಂದಿಗೆ ತಮ್ಮ ಬಾಟಲಿಯ ಅಂಕಿಯನ್ನು ಹೋಲಿಸಿದಾಗ, ಒಂದೇ ಪಂಚಾಯಿತಿಯ ಎರಡು ಊರುಗಳಲ್ಲೂ ಮಳೆ ಒಂದೇ ತೆರನಾಗಿ ಬೀಳುವುದಿಲ್ಲ ಎಂದು ಮಕ್ಕಳಿಗೆ ತಿಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಸುರಿಯುವ ಮಳೆ ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುವುದೇಕೆ ಎಂಬ ಭೂಗೋಳದ ಪಾಠಕ್ಕೆ ಇಲ್ಲಿಂದಲೇ ದಾಟಬಹುದು.

ಮೂರು: ಅರಿಶಿನದ ಕಾಗದ, ದಾಸವಾಳದ ನೀರು

ಪ್ರಶ್ನೆ: ಅಡುಗೆಮನೆಯ ವಸ್ತುಗಳಲ್ಲಿ ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು?

ಸಾರಿನ ಕಲೆಯಾದ ಬಿಳಿ ಅಂಗಿಗೆ ಸೋಪು ಉಜ್ಜಿದರೆ ಕಲೆ ಕೆಂಪಗಾಗುತ್ತದೆ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಪ್ರತ್ಯಾಮ್ಲ ತಾಗಿದಾಗ ಬಣ್ಣ ಬದಲಿಸುವುದೇ ಇದಕ್ಕೆ ಕಾರಣ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವುದೂ, ಸಾಂಪ್ರದಾಯಿಕವಾಗಿ ಕುಂಕುಮ ತಯಾರಿಸುವುದೂ ಇದೇ ಗುಣದಿಂದ.

ಒಂದು ಚಮಚ ಅರಿಶಿನ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ನೀರು ಹೀರುವ ಕಾಗದಕ್ಕೆ ಸವರಿ, ನೆರಳಿನಲ್ಲಿ ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಕೊಳ್ಳಬೇಕು. ಸೋಪಿನ ನೀರು, ಅಡುಗೆ ಸೋಡಾ, ಬೂದಿ ನೀರು, ಸುಣ್ಣದ ತಿಳಿ, ನಿಂಬೆರಸ, ಹುಣಸೆ ರಸ, ಮಜ್ಜಿಗೆ, ಉಪ್ಪುನೀರು ಇವುಗಳ ಒಂದೊಂದು ಹನಿಯನ್ನು ಬೇರೆ ಬೇರೆ ಪಟ್ಟಿಗೆ ಹಾಕಿ, ಬಣ್ಣ ನೋಡಿ, ಆ ಪಟ್ಟಿಯನ್ನೇ ನೋಟ್‌ಬುಕ್ಕಿಗೆ ಅಂಟಿಸಬೇಕು. ಮೊದಲ ನಾಲ್ಕು ಕೆಂಪಿಗೆ ತಿರುಗುತ್ತವೆ, ಸೋಡಾದಲ್ಲಿ ಬಣ್ಣ ಮಂದ. ಉಳಿದ ನಾಲ್ಕೂ ಹಳದಿಯಾಗಿಯೇ ಉಳಿಯುತ್ತವೆ.

ಇಲ್ಲಿ ಶಿಕ್ಷಕರು ಕೇಳಬೇಕಾದ ಪ್ರಶ್ನೆ ಒಂದಿದೆ: ಹಳದಿ ಉಳಿದದ್ದೆಲ್ಲ ಆಮ್ಲವೇ? ಉಪ್ಪುನೀರು ಆಮ್ಲವಲ್ಲ. ಅರಿಶಿನಕ್ಕೆ ಪ್ರತ್ಯಾಮ್ಲವನ್ನು ಗುರುತಿಸಲು ಮಾತ್ರ ಬರುತ್ತದೆ, ಆಮ್ಲವನ್ನೂ ತಟಸ್ಥವನ್ನೂ ಬೇರ್ಪಡಿಸಲು ಬರುವುದಿಲ್ಲ. ಈ ಕೊರತೆಯನ್ನು ಮಕ್ಕಳೇ ಕಂಡುಕೊಂಡ ಮೇಲೆ ದಾಸವಾಳವನ್ನು ತರಬೇಕು. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ನೀರು ಆಮ್ಲದಲ್ಲಿ ಗಾಢ ಗುಲಾಬಿಯಾಗುತ್ತದೆ, ಪ್ರತ್ಯಾಮ್ಲದಲ್ಲಿ ಹಸಿರಾಗುತ್ತದೆ. ಕೊನೆಗೆ ಹೆಸರು ಬರೆಯದ ಐದು ಸೀಸೆ ಕೊಟ್ಟು, ಎರಡೂ ಸೂಚಕಗಳನ್ನು ಬಳಸಿ ಯಾವುದು ಏನೆಂದು ಕಾರಣ ಸಮೇತ ಹೇಳಿಸಿದರೆ ಪ್ರಾಜೆಕ್ಟ್ ಪೂರ್ಣ. ಯಾವುದನ್ನೂ ರುಚಿ ನೋಡಬಾರದು. ಸುಟ್ಟ ಸುಣ್ಣಕ್ಕೆ ನೀರು ಹಾಕುವ ಕೆಲಸ ದೊಡ್ಡವರದ್ದು. ಮಕ್ಕಳಿಗೆ ತಣಿದ ತಿಳಿನೀರು ಮಾತ್ರ ಕೊಡಬೇಕು.

ನಾಲ್ಕು: ಚುಕ್ಕಿ ರಂಗೋಲಿಯ ಗಣಿತ

ಪ್ರಶ್ನೆ: ರಂಗೋಲಿ ಹಾಕದೆಯೇ ಅದರ ಚುಕ್ಕಿಗಳ ಸಂಖ್ಯೆ ಹೇಳಬಹುದೇ?

ನಡುವಿನ ಸಾಲಿನಲ್ಲಿ 7 ಚುಕ್ಕಿ ಇಟ್ಟು, ಎರಡೂ ಕಡೆಗೆ 5, 3, 1 ಎಂದು ಇಳಿಸಿಕೊಂಡು ಹೋಗುವ ರಂಗೋಲಿ ಎಲ್ಲರಿಗೂ ಪರಿಚಿತ. 1, 3, 5, 7, 5, 3, 1 ಕೂಡಿದರೆ 25. 5 ಚುಕ್ಕಿಯಿಂದ ಶುರುಮಾಡಿದರೆ 13, 9ರಿಂದ 41. ಮೇಲಿನಿಂದ ನಡುಸಾಲಿನವರೆಗಿನ 1+3+5+7 ಎಂದರೆ 4ರ ವರ್ಗ, 16. ಉಳಿದ 5+3+1 ಎಂದರೆ 3ರ ವರ್ಗ, 9. ಬೆಸಸಂಖ್ಯೆಗಳನ್ನು ಒಂದರಿಂದ ಕೂಡಿಸುತ್ತಾ ಹೋದರೆ ವರ್ಗಸಂಖ್ಯೆಗಳು ಬರುತ್ತವೆ ಎಂಬ ನಿಯಮ ನೆಲದ ಮೇಲೆಯೇ ಕಾಣುತ್ತದೆ. ಎರಡು ಬಣ್ಣದ ಪುಡಿಯಿಂದ ಚುಕ್ಕಿಗಳನ್ನು ಓರೆಯಾಗಿ ಗುಂಪು ಮಾಡಿದರೆ 4×4 ಮತ್ತು 3×3ರ ಎರಡು ಚೌಕಗಳು ಒಂದರೊಳಗೊಂದು ಸೇರಿರುವುದೂ ಕಣ್ಣಿಗೆ ಬೀಳುತ್ತದೆ.

ಒಂದು ಸಾಲಿನ ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂತೆ 7ರಿಂದ 4ಕ್ಕೆ ಇಳಿಯುವ ರಂಗೋಲಿಯಲ್ಲಿ ಒಟ್ಟು 37 ಚುಕ್ಕಿ. ಅದನ್ನು ನಡುವಿನಿಂದ ಹೊರಕ್ಕೆ ಎಣಿಸಿದರೆ 1, 6, 12, 18 ಎಂದು ಷಟ್ಕೋನದ ಸುತ್ತುಗಳು ಸಿಗುತ್ತವೆ. ಮುಂದಿನ ಸುತ್ತಿಗೆ ಎಷ್ಟು ಬೇಕೆಂದು ಮೊದಲು ಊಹಿಸಿ, ಆಮೇಲೆ ಇಟ್ಟು ನೋಡಬೇಕು. ಕನ್ನಡಿಯ ತುಂಡನ್ನು ರಂಗೋಲಿಯ ಚಿತ್ರದ ಮೇಲೆ ನಿಲ್ಲಿಸಿ ಸಮಮಿತಿಯ ಅಕ್ಷಗಳನ್ನು ಹುಡುಕುವುದು, ಎಷ್ಟು ಡಿಗ್ರಿ ತಿರುಗಿಸಿದರೆ ಚಿತ್ರ ಮೊದಲಿನಂತೆಯೇ ಕಾಣುತ್ತದೆ ಎಂದು ಪರೀಕ್ಷಿಸುವುದು ಮುಂದಿನ ಹಂತ. ಓಣಿಯ ಹಿರಿಯ ಹೆಂಗಸರನ್ನು ಶಾಲೆಗೆ ಕರೆದು ಅವರ ಕೈಯಲ್ಲಿ ರಂಗೋಲಿ ಹಾಕಿಸಿದರೆ, ಮಕ್ಕಳಿಗೆ ಹೊಸ ಮಾದರಿಗಳೂ ಆ ಹಿರಿಯರಿಗೆ ಸಲ್ಲಬೇಕಾದ ಗೌರವವೂ ಸಿಗುತ್ತವೆ. ಇದು ಹುಡುಗಿಯರ ಕೆಲಸವೆಂದು ಹುಡುಗರನ್ನು ಬಿಡಬಾರದು.

ಐದು: ಊರಿನ ವೀರಗಲ್ಲು

ಪ್ರಶ್ನೆ: ಊರ ಮುಂದಿನ ಕೆತ್ತನೆಯ ಕಲ್ಲು ಯಾರದ್ದು? ಅದು ಏನು ಹೇಳುತ್ತದೆ?

ಕರ್ನಾಟಕದ ಬಹಳಷ್ಟು ಊರುಗಳ ಕೆರೆಯ ಏರಿ, ಗುಡಿಯ ಅಂಗಳ, ಹೊಲದ ಬದುಗಳಲ್ಲಿ ವೀರಗಲ್ಲುಗಳಿವೆ. ದನ ಕಾಯುವಾಗಲೋ ಊರು ಉಳಿಸುವಾಗಲೋ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲುಗಳಿವು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವರ ಸನ್ನಿಧಿಯಲ್ಲಿ ಕುಳಿತ ವೀರ ಇರುತ್ತಾರೆ. ಕೆಲವುಗಳಲ್ಲಿ ಶಾಸನವೂ ಉಂಟು. ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು. ಬೆಂಗಳೂರು ಎಂಬ ಹೆಸರು ಬರುವ ಬೇಗೂರಿನ ಶಾಸನ ಕ್ರಿ.ಶ. 890ರ ಸುಮಾರಿನದು. ಊರಿನ ಚರಿತ್ರೆ ಇಂಥ ಕಲ್ಲುಗಳಲ್ಲೇ ಉಳಿದಿದೆ.

ಮಕ್ಕಳು ಮೊದಲು ಊರಿನ ನಕ್ಷೆ ಬರೆದು ಕಲ್ಲುಗಳಿರುವ ಜಾಗ ಗುರುತಿಸಬೇಕು. ಪ್ರತಿ ಕಲ್ಲಿನ ಎತ್ತರ, ಅಗಲ, ದಪ್ಪ, ಪಟ್ಟಿಕೆಗಳ ಸಂಖ್ಯೆ, ಆಯುಧ, ಪ್ರಾಣಿ, ಉಡುಗೆ, ಮುಖ ಮಾಡಿರುವ ದಿಕ್ಕು ಇವನ್ನು ಬರೆದು ಚಿತ್ರ ತೆಗೆಯಬೇಕು. ಸವೆದ ಕೆತ್ತನೆ ನೆತ್ತಿಯ ಬಿಸಿಲಿನಲ್ಲಿ ಕಾಣುವುದಿಲ್ಲ. ಕಲ್ಲಿಗೆ ನೆರಳಾಗುವಂತೆ ಒಬ್ಬರು ನಿಂತು, ಇನ್ನೊಬ್ಬರು ಕನ್ನಡಿಯಿಂದ ಬಿಸಿಲನ್ನು ಕಲ್ಲಿನ ಒಂದು ಬದಿಯಿಂದ ಓರೆಯಾಗಿ ಹಾಯಿಸಿದರೆ, ಅದುವರೆಗೆ ಬರೀ ಒರಟು ಕಲ್ಲಾಗಿ ಕಂಡಲ್ಲಿ ಬಿಲ್ಲಿನ ಬಾಗು, ಕುದುರೆಯ ಕಾಲು, ಅಕ್ಷರದ ಅಂಚು ಎದ್ದು ಕಾಣುತ್ತವೆ. ಆ ಕ್ಷಣವೇ ಫೋಟೋ ತೆಗೆಯಬೇಕು. ಸೀಮೆಸುಣ್ಣ ತೀಡುವುದು, ಎಣ್ಣೆ, ಪುಡಿ ಹಚ್ಚುವುದು, ಕೆರೆದು ತೊಳೆಯುವುದು ಕಲ್ಲಿಗೆ ಕೆಡುಕು. ಪೂಜೆಯಿರುವ ಕಲ್ಲಾದರೆ ಮೊದಲು ಊರಿನವರ ಒಪ್ಪಿಗೆ ಕೇಳಬೇಕು. ಯಾವ ಕಲ್ಲನ್ನೂ ಕದಲಿಸಬಾರದು.

ಶಾಸನವಿದ್ದರೆ ಅದನ್ನು ಓದಿದ ದಾಖಲೆ ಈಗಾಗಲೇ ಇರಬಹುದು. ಬಿ.ಎಲ್. ರೈಸ್ 1886ರಿಂದ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಶಾಸನಗಳು ತಾಲ್ಲೂಕುವಾರು ಇವೆ. ಶಿಕ್ಷಕರು ಗ್ರಂಥಾಲಯದಲ್ಲಿ ತಮ್ಮ ಊರಿನ ಹೆಸರು ಹುಡುಕಿ ಕೊಡಬಹುದು. ಮಕ್ಕಳು ತಯಾರಿಸಿದ ಪಟ್ಟಿಯ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಹೋಗಬೇಕು. ರಸ್ತೆ ಅಗಲ ಮಾಡುವಾಗ, ಚರಂಡಿ ತೋಡುವಾಗ ಯಾವ ಕಲ್ಲು ಎಲ್ಲಿದೆ ಎಂದು ತಿಳಿದಿದ್ದರೆ ಅದು ಉಳಿಯುತ್ತದೆ.

ದಾಖಲೆ ಮತ್ತು ಗುಂಪು

ಐದರಲ್ಲಿ ಯಾವುದನ್ನು ಆರಿಸಿದರೂ ಪ್ರತಿ ಮಗುವಿಗೂ ಒಂದು ನೋಟ್‌ಬುಕ್ ಇರಬೇಕು. ಪ್ರತಿ ಪುಟದಲ್ಲೂ ದಿನಾಂಕ, ಸಮಯ, ಅಳತೆ, ಅಳೆದವರ ಹೆಸರು, ಅಂದಿನ ವಿಶೇಷ ಬರೆಯಬೇಕು. ತಪ್ಪಾದ ಅಂಕಿಯನ್ನು ರಬ್ಬರಿನಿಂದ ಅಳಿಸದೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿ ಅಂಕಿ ಬರೆಯುವುದನ್ನು ರೂಢಿ ಮಾಡಿಸಬೇಕು. ಅಳತೆ ತಪ್ಪಿದ ದಿನ ಅಂಕಿ ಕಟ್ಟಿ ಬರೆಯುವುದಕ್ಕಿಂತ ‘ಇಂದು ಅಳೆಯಲಿಲ್ಲ’ ಎಂದು ಬರೆಯುವುದೇ ಸರಿ ಎಂಬ ಪ್ರಾಮಾಣಿಕತೆ ಇಲ್ಲಿಯೇ ಬೆಳೆಯುತ್ತದೆ.

ಗುಂಪಿಗೆ ನಾಲ್ವರು ಸಾಕು. ಅಳೆಯುವವರು, ಬರೆಯುವವರು, ಸಾಮಾನು ನೋಡಿಕೊಳ್ಳುವವರು, ವಿವರಿಸಿ ಹೇಳುವವರು ಎಂಬ ಕೆಲಸಗಳು ವಾರಕ್ಕೊಮ್ಮೆ ಬದಲಾಗಬೇಕು. ಇಲ್ಲದಿದ್ದರೆ ಅಕ್ಷರ ಚೆಂದವಿರುವ ಹುಡುಗಿ ಬರೆಯುತ್ತಲೇ ಉಳಿಯುತ್ತಾಳೆ, ಮಾತು ಕಡಿಮೆಯಿರುವ ಮಗು ಸಾಮಾನು ಹೊರುತ್ತಲೇ ಉಳಿಯುತ್ತದೆ. ಮನೆಯವರ ಪಾತ್ರ ಸಾಮಾನು ಒದಗಿಸಿ, ಕೇಳಿದ್ದಕ್ಕೆ ಉತ್ತರ ಕೊಡುವಷ್ಟಕ್ಕೆ ನಿಲ್ಲಬೇಕು.

ನಾಲ್ಕು ವಾರದ ಪ್ರಾಜೆಕ್ಟಿನಲ್ಲಿ ಮೊದಲ ವಾರ ಪ್ರಶ್ನೆಗೂ ಉಪಕರಣಕ್ಕೂ, ನಡುವಿನ ಎರಡು ವಾರ ಅಳತೆಗೂ, ಕೊನೆಯ ವಾರ ಲೆಕ್ಕ, ನಕ್ಷೆ, ವಿವರಣೆಗೂ ಮೀಸಲಿಟ್ಟರೆ ಸರಿಹೋಗುತ್ತದೆ. ಮಳೆಮಾಪಕ ಮಾತ್ರ ಜೂನ್‌ನಿಂದ ಅಕ್ಟೋಬರ್‌ವರೆಗೆ ನಡೆಯಬೇಕಾದ ಕೆಲಸ. ಅದಕ್ಕೆ ರಜೆಯ ದಿನಗಳಲ್ಲೂ ಅಳೆಯಲು ಶಾಲೆಯ ಹತ್ತಿರದ ಮನೆಯ ಮಕ್ಕಳ ಸರದಿ ಹಾಕಬೇಕು.

ಅಂಕ ಕೊಡುವುದು, ಮುಂದಕ್ಕೆ ಒಯ್ಯುವುದು

ರೂಪಣಾತ್ಮಕ ಮೌಲ್ಯಮಾಪನದಲ್ಲಿ ಪ್ರಾಜೆಕ್ಟಿಗೆ ಅಂಕ ಕೊಡುವಾಗ ಚಾರ್ಟಿನ ಅಂದಕ್ಕಿಂತ ನೋಟ್‌ಬುಕ್ಕಿನ ನಿಯಮಿತತೆಗೆ, ಅಳತೆಯ ಜಾಗ್ರತೆಗೆ, ಮಗು ತನ್ನ ಮಾತಿನಲ್ಲಿ ಕೊಡುವ ಕಾರಣಗಳಿಗೆ ತೂಕವಿರಬೇಕು. ಮೂರು ಪ್ರಶ್ನೆ ಕೇಳಿದರೆ ಸಾಕು. ಇದು ನಿನಗೆ ಹೇಗೆ ಗೊತ್ತಾಯಿತು? ಎಲ್ಲಿ ತಪ್ಪಿರಬಹುದು? ಮತ್ತೊಮ್ಮೆ ಮಾಡಿದರೆ ಏನು ಬದಲಿಸುತ್ತೀಯ? ತಾನೇ ಅಳೆದ ಮಗು ಮೂರಕ್ಕೂ ತಡವರಿಸದೆ ಉತ್ತರಿಸುತ್ತದೆ. ನಿರೀಕ್ಷಿಸಿದ ಉತ್ತರ ಬರದ ಪ್ರಾಜೆಕ್ಟಿಗೂ, ಅದು ಏಕೆ ಬರಲಿಲ್ಲವೆಂದು ಹುಡುಕಿದ್ದರೆ, ಪೂರ್ಣ ಅಂಕ ಸಲ್ಲಬೇಕು.

ಚೆನ್ನಾಗಿ ನಡೆದ ಕೆಲಸವನ್ನು ಶಾಲೆಯ ಗೋಡೆಯಾಚೆಗೂ ಒಯ್ಯಬಹುದು. 10ರಿಂದ 17 ವರ್ಷದವರಿಗಾಗಿ 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಸ್ಥಳೀಯ ಸಮಸ್ಯೆಗಳ ಮೇಲೆ ಮಕ್ಕಳೇ ಮಾಡಿದ ಅಧ್ಯಯನಕ್ಕೆ ಮೀಸಲಾದದ್ದು. ಮಳೆ ಮತ್ತು ನೀರಿನ ಲೆಕ್ಕ ಅಂಥ ವೇದಿಕೆಗೆ ಚೆನ್ನಾಗಿ ಹೊಂದುತ್ತದೆ. ಹೊಸ ಉಪಕರಣದ ಆಲೋಚನೆ ಹೊಳೆದವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಪ್ರಶಸ್ತಿಯಿದೆ. ಆಯ್ಕೆಯಾದ ಆಲೋಚನೆಯ ಮಾದರಿ ತಯಾರಿಸಲು ಅದರಲ್ಲಿ 10,000 ರೂಪಾಯಿ ನೆರವು ಸಿಗುತ್ತದೆ. ಇವೆರಡಕ್ಕಿಂತ ಮೊದಲು ಊರಿನವರಿಗೆ ತೋರಿಸಬೇಕು. ಪಾಲಕರ ಸಭೆಯಲ್ಲೋ ಮಕ್ಕಳ ಗ್ರಾಮಸಭೆಯಲ್ಲೋ ಮಳೆಯ ಅಂಕಿಗಳನ್ನೂ ವೀರಗಲ್ಲುಗಳ ಪಟ್ಟಿಯನ್ನೂ ಮಕ್ಕಳೇ ಓದಿ ಹೇಳಿ, ಊರಿನವರ ಪ್ರಶ್ನೆಗಳಿಗೆ ಉತ್ತರಿಸಿ, ಅವರು ತಿದ್ದಿದ್ದನ್ನು ನೋಟ್‌ಬುಕ್ಕಿಗೆ ಸೇರಿಸಿಕೊಳ್ಳಬೇಕು. ಆ ನೋಟ್‌ಬುಕ್‌ಗಳನ್ನು ಶಾಲೆಯ ಗ್ರಂಥಾಲಯದಲ್ಲಿ ಇರಿಸಿದರೆ ಮುಂದಿನ ವರ್ಷದ ತರಗತಿ ಅದೇ ಅಳತೆಯನ್ನು ಮುಂದುವರಿಸಬಹುದು. ವರ್ಷ ವರ್ಷಕ್ಕೆ ಅಂಕಿಗಳು ಸೇರಿದಂತೆ ಹೋಲಿಕೆಯೂ ಹೊಸ ಪ್ರಶ್ನೆಗಳೂ ಹೆಚ್ಚುತ್ತವೆ.